ಮೂರನೆಯ ಸಾಲಿನ ಗೋಸಂಪಿಗೆ ಮರ

"ದೀಪಾವಳಿಗಾ, ಸಿಮೆಸ್ತ್ರಿಗಾ?"

ಮಂಗಳೂರಿನ ಹಂಪನಕಟ್ಟೆಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಬೆಳಿಗ್ಗೆ ಏಳಕ್ಕೆ ನನ್ನನ್ನು ಕೇಳಿದ ಪ್ರಶ್ನೆ ಇದು. 2024ರ ನವೆಂಬರ್ 2, ಶನಿವಾರ. ಬಲಿಪಾಡ್ಯಮಿ ಅಂದೇ, ಕಥೋಲಿಕರು ತೀರಿಕೊಂಡವರನ್ನೆಲ್ಲ ನೆನೆಯುವ ದಿನವೂ ಅಂದೇ. ಬಾಗಿಲಿಗೆ ಕಟ್ಟುವವರಿಗೆ ಗೊಂಡೆ, ಸಮಾಧಿಗೆ ಇಡುವವರಿಗೆ ಬಿಳಿ ಸೇವಂತಿಗೆ ಎಂದು ಆಕೆ ಎರಡು ರಾಶಿ ಮಾಡಿದ್ದರು. ಮಲ್ಲಿಗೆ ಮಾತ್ರ ಎರಡಕ್ಕೂ ನಡೆಯುತ್ತದೆ. ಶಂಕರಪುರದ ಮಲ್ಲಿಗೆಯನ್ನು ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ, ಒಂದು ಅಟ್ಟೆ ಎಂದರೆ ನಾಲ್ಕು ಚೆಂಡು. ನಾನು ಒಂದು ಚೆಂಡು ಕೇಳಿದೆ. "ಹಬ್ಬದ ರೇಟು" ಎನ್ನುತ್ತಲೇ ಬಾಳೆಎಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಬಿಗಿದು ಕೊಟ್ಟರು. ಸಿಮೆಸ್ತ್ರಿ ಎಂದರೆ ಕೊಂಕಣಿಯಲ್ಲಿ ಸಮಾಧಿಭೂಮಿ. ಹೂ ಮಾರುವ ಆಕೆ ಕ್ರೈಸ್ತರಲ್ಲ, ಆದರೆ ಮಂಗಳೂರಿನ ಹೂವಿನವರಿಗೆ ಈ ಮಾತು ಗೊತ್ತಿಲ್ಲದೆ ವ್ಯಾಪಾರ ಸಾಗುವುದಿಲ್ಲ.

ಹೂವು ಹಿಡಿದುಕೊಂಡು ಮೊದಲು ಮಿಲಾಗ್ರಿಸ್ ಚರ್ಚಿಗೆ ಹೋದೆ. ನನ್ನವರು ಯಾರೂ ಅಲ್ಲಿ ಮಲಗಿಲ್ಲ. ಆದರೂ ಈ ದಿನ ಊರಿನ ಬಸ್ಸು ಹತ್ತುವ ಮೊದಲು ಅಲ್ಲಿಗೆ ಒಂದು ಸುತ್ತು ಹೋಗಿಬರುವುದು ಅಪ್ಪನಿಂದ ಬಂದ ರೂಢಿ. ಹೊರಗೆ ಬಸ್ಸು, ಆಟೊ, ಹಾರನ್ನು. ಗೇಟು ದಾಟಿದರೆ ಮೇಣ ಕರಗಿದ ವಾಸನೆ. ಚರ್ಚಿನಲ್ಲಿ ಪೂಜೆ ನಡೆಯುತ್ತಿತ್ತು, ಗುರುಗಳ ಮೇಲುವಸ್ತ್ರ ನೇರಳೆ ಬಣ್ಣದ್ದು. ನಾನು ಸಮಾಧಿಗಳ ಕಡೆಗೆ ನಡೆದೆ.

ಇಲ್ಲಿ ನಿಂತಾಗಲೆಲ್ಲ ನನಗೆ ಮೈ ಜುಮ್ಮೆನ್ನುವುದು ಒಂದು ಕಾರಣಕ್ಕೆ. ಈಗ ಸಮಾಧಿಗಳಿರುವ ಜಾಗದಲ್ಲೇ ಮೊದಲಿನ ಚರ್ಚು ಇತ್ತು. ಗೋವಾದ ದೀವಾಡಿ ದ್ವೀಪದಿಂದ ಬಂದ ಬಿಷಪ್ ಥಾಮಸ್ ದ ಕಾಸ್ತ್ರೊ 1680ರಲ್ಲಿ ಅದನ್ನು ಕಟ್ಟಿಸಿದರು. ಆಗ ಈ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ನಾಲ್ಕು ವರ್ಷಗಳ ಬಳಿಕ, 1684ರಲ್ಲಿ, ಬಿಷಪರು ತೀರಿಕೊಂಡಾಗ ಇಲ್ಲೇ ಮಣ್ಣು ಮಾಡಿದರು. ನೂರು ವರ್ಷ ಕಳೆದು 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಆ ಚರ್ಚು ನೆಲಸಮವಾಯಿತು. ಬೂದಿ ಬುಧವಾರದ ಹೊತ್ತಿಗೆ ಕೆನರಾದ ಕಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಘಟ್ಟ ಹತ್ತುವಾಗ ಸತ್ತವರಿಗೆ, ಅಲ್ಲಿ ಸೆರೆಯಲ್ಲಿ ಸತ್ತವರಿಗೆ ಸಮಾಧಿಯಿಲ್ಲ, ಕಲ್ಲಿಲ್ಲ. 1799ರ ನಂತರ ಉಳಿದವರು ಮರಳಿ ಬಂದು ಮತ್ತೆ ಇಗರ್ಜಿ, ಅಂದರೆ ಚರ್ಚು, ಕಟ್ಟಿದರು. ಈಗ ನಾವು ನೋಡುವ ಮಿಲಾಗ್ರಿಸ್ 1911ರ ಕಾಲದ್ದು. ಹೀಗೆ, ಜನ ಒಮ್ಮೆ ಮೊಣಕಾಲೂರಿದ್ದ ನೆಲದಲ್ಲಿ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಮಲಗಿದ್ದಾರೆ.

ನಯ ಮಾಡಿದ ಕರಿಗಲ್ಲಿನ ಸಮಾಧಿಗಳ ನಡುವೆ ಕಾಲುದಾರಿ ಇಕ್ಕಟ್ಟಾಗಿತ್ತು. ಕೆಲವು ಕಲ್ಲುಗಳಲ್ಲಿ ಇಂಗ್ಲಿಷ್, ಕೆಲವುದರಲ್ಲಿ ಕನ್ನಡ ಲಿಪಿಯ ಕೊಂಕಣಿ. ಒಬ್ಬ ಹೆಂಗಸು ಫೋನನ್ನು ಸಮಾಧಿಯ ಕಡೆಗೆ ತಿರುಗಿಸಿ ಹಿಡಿದಿದ್ದರು. ಕುವೈತಿನಲ್ಲಿ ಆಗಿನ್ನೂ ಬೆಳಕು ಹರಿಯುವ ಹೊತ್ತು. ಮಗ ಎದ್ದು ಕೂತಿದ್ದ. "ಇನ್ನೂ ಹತ್ತಿರ ಹಿಡಿ ಮಮ್ಮಿ, ಡ್ಯಾಡಿಯ ಹೆಸರು ಕಾಣುವುದಿಲ್ಲ" ಎಂಬ ಮಾತು ಕೇಳಿಸಿತು. ತಾಯಿ ಬಗ್ಗಿ, ಕಲ್ಲಿನ ಮೇಲಿದ್ದ ಹೂವನ್ನು ಬದಿಗೆ ಸರಿಸಿ, ಅಕ್ಷರ ಅಕ್ಷರವಾಗಿ ಫೋನನ್ನು ಸರಿಸುತ್ತಾ ಹೋದರು. ಕೊನೆಯ ಅಕ್ಷರದ ಬಳಿ ಕೈ ತುಸು ನಡುಗಿತು. ಗಲ್ಫಿಗೆ ಮಕ್ಕಳನ್ನು ಕಳಿಸಿದ ಕರಾವಳಿಯ ಮನೆಗಳಲ್ಲಿ ಸಾವಿನ ಹೊತ್ತಿಗೆ ವಿಮಾನ ಸಿಕ್ಕಿದವರು ಅದೃಷ್ಟವಂತರು. ಸಿಗದವರು ಹೀಗೆ ಬರುತ್ತಾರೆ. ಇದನ್ನು ಫೋನಿನ ಗೀಳು ಎನ್ನುವವರಿದ್ದಾರೆ, ನಾನು ಒಪ್ಪಲಾರೆ. ಆ ಹುಡುಗ ಅಪ್ಪನ ಹೆಸರನ್ನು ಕಣ್ಣಿಂದ ಮುಟ್ಟಿ ನೋಡಿದ್ದನ್ನು ನಾನು ಕಂಡಿದ್ದೇನೆ.

ಹತ್ತೂವರೆಗೆ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಿಂದ ಊರಿನ ಬಸ್ಸು ಹಿಡಿದೆ.

ನಮ್ಮ ಇಗರ್ಜಿ ನೇತ್ರಾವತಿಯ ದಡದ ಒಂದು ಹಳ್ಳಿಯಲ್ಲಿದೆ. ಸಿಮೆಸ್ತ್ರಿ ಅದರ ಹಿಂದೆ, ಗುಡ್ಡ ಹೊಳೆಯ ಕಡೆಗೆ ಇಳಿಯುವಲ್ಲಿ. ಮುರಕಲ್ಲಿನ ಕೋಟೆಯಂಥ ಗೋಡೆ, ಒಳಗೆ ಕೆಂಪು ಮಣ್ಣು. ಜೂನ್‌ನಿಂದ ನಾಲ್ಕು ತಿಂಗಳು ಸುರಿದ ಮಳೆಗೆ ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ. ಅಕ್ಟೋಬರ್ ಕೊನೆಯಲ್ಲಿ ವಾಡೊಗಳ, ಅಂದರೆ ಇಗರ್ಜಿಯ ವಾರ್ಡುಗಳ, ಮುಖ್ಯಸ್ಥರಾದ ಗುರ್ಕಾರರು ಜನ ಸೇರಿಸಿ ಹುಲ್ಲು ಸವರಿಸುತ್ತಾರೆ. ಉಳಿದದ್ದನ್ನು ಆಯಾ ಮನೆಯವರು ಹಬ್ಬದ ದಿನ ಬಂದು ಮಾಡಬೇಕು. ಮಧ್ಯಾಹ್ನದ ಹೊತ್ತಿಗೇ ಅಲ್ಲಿ ಕತ್ತಿ, ಹಾರೆ, ಸುಣ್ಣದ ಬಕೆಟ್ಟುಗಳ ಸದ್ದು. ಕಲ್ಲು ಕಟ್ಟಿಸಿದ ಸಮಾಧಿಗಳು ಕಡಿಮೆ. ಹೆಚ್ಚಿನವು ಮಣ್ಣಿನ ದಿಬ್ಬಗಳು, ತಲೆಯ ಬಳಿ ಮರದ ಶಿಲುಬೆ. ದಿಬ್ಬಕ್ಕೆ ಹೊಸ ಕೆಂಪು ಮಣ್ಣು ಹಾಕಿ, ಅಂಗೈಯಿಂದ ತಟ್ಟಿ ತಟ್ಟಿ ನಯ ಮಾಡಿ, ಅಂಚಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ತಟ್ಟುವ ಆ ಸದ್ದು ಮಗುವನ್ನು ಮಲಗಿಸುವ ಸದ್ದಿನಂತೆಯೇ ಇರುತ್ತದೆ. ದಿಬ್ಬಗಳ ನಡುವೆ ನಾಚಿಕೆ ಮುಳ್ಳು ಹಬ್ಬಿತ್ತು. ಜನ ನಡೆದಲ್ಲೆಲ್ಲ ಅದು ಮುದುಡಿ, ಯಾರು ಯಾವ ದಾರಿಯಲ್ಲಿ ಹೋದರು ಎಂಬುದು ಸ್ವಲ್ಪ ಹೊತ್ತು ನೆಲದ ಮೇಲೆ ಕಾಣುತ್ತಿತ್ತು.

ಸತ್ತವರನ್ನು ನೆನೆಯುವ ಈ ದಿನ ಎಲ್ಲಿಂದ ಬಂತೆಂದರೆ, ಫ್ರಾನ್ಸಿನ ಕ್ಲೂನಿ ಮಠದಿಂದ. ಹತ್ತನೆಯ ಶತಮಾನದ ಕೊನೆಗೆ ಅಲ್ಲಿನ ಮಠಾಧಿಪತಿ ಓದಿಲೊ, ಸಕಲ ಸಂತರ ಹಬ್ಬದ ಮರುದಿನ ಸತ್ತವರೆಲ್ಲರಿಗಾಗಿ ಪ್ರಾರ್ಥಿಸುವ ರೂಢಿ ಹಾಕಿದರು. ಒಂದನೆಯ ಮಹಾಯುದ್ಧದಲ್ಲಿ ಸತ್ತವರಿಗೆ ಲೆಕ್ಕವೇ ಇಲ್ಲದಂತಾದಾಗ, 1915ರಲ್ಲಿ, ಪೋಪ್ ಹದಿನೈದನೆಯ ಬೆನೆಡಿಕ್ಟ್ ಈ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆ ಅರ್ಪಿಸಬಹುದೆಂದು ಅಪ್ಪಣೆ ಕೊಟ್ಟರು. ಒಂದು ಪೂಜೆ ಗುರುಗಳು ಬಯಸಿದವರಿಗಾಗಿ, ಒಂದು ಪೋಪರ ಉದ್ದೇಶಕ್ಕಾಗಿ, ಇನ್ನೊಂದು ಸತ್ತವರೆಲ್ಲರಿಗಾಗಿ. ನನಗೆ ದೊಡ್ಡದಾಗಿ ಕಾಣುವುದು ಆ 'ಎಲ್ಲರಿಗಾಗಿ' ಎಂಬ ಮಾತೇ. ಹೆಸರು ಹೇಳುವವರಿಲ್ಲದವರೂ ಅದರಲ್ಲಿ ಬಂದರು.

ಸತ್ತವರಿಗೆ ಪ್ರಾರ್ಥನೆ ಯಾಕೆ ಬೇಕು? ಸ್ವರ್ಗ ಸೇರುವ ಮೊದಲು ಆತ್ಮ ಶುದ್ಧವಾಗುವ ಸ್ಥಿತಿಯೊಂದಿದೆ, ನಮ್ಮ ಪ್ರಾರ್ಥನೆ ಅಲ್ಲಿಗೆ ಮುಟ್ಟುತ್ತದೆ ಎಂಬುದು ಕಥೋಲಿಕ ನಂಬಿಕೆ. ಹಳ್ಳಿಯ ಕೊಂಕಣಿಯಲ್ಲಿ ಅದು ಪುರ್ಗತೋರ್. ಅಜ್ಜಿ ಚಿಕ್ಕಂದಿನಲ್ಲಿ ನನಗೆ ಅದನ್ನು ನೇತ್ರಾವತಿಯ ಕಡವು ತೋರಿಸಿ ಹೇಳಿದ್ದರು: ಆಚೆ ದಡ ಕಣ್ಣಿಗೆ ಕಾಣುತ್ತದೆ, ದೋಣಿ ಬರಬೇಕಷ್ಟೆ, ನಾವು ಇಲ್ಲಿ ಹೇಳುವ ತೇರ್ಸ್ ಅವರ ದೋಣಿಯ ಕೂಲಿ. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಪರಂಪರೆಯ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ ಅವಳು, "ನಮ್ಮಲ್ಲಿ ಸತ್ತವರಿಗಾಗಿ ಬೇಡುವುದಿಲ್ಲ, ಅವರನ್ನು ಕೊಟ್ಟದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳುತ್ತೇವೆ" ಎಂದಿದ್ದಳು. ಅದೂ ನನ್ನ ಮನಸ್ಸಿನಲ್ಲಿ ಉಳಿದಿದೆ. ಆದರೆ ನಾನು ಅಜ್ಜಿಯ ಕಡವನ್ನು ಬಿಟ್ಟುಕೊಡಲಾರೆ.

ಆ ಅಜ್ಜಿಯ ಜಾಗವನ್ನೇ ಹುಡುಕಿಕೊಂಡು ನಾನು ಪ್ರತಿವರ್ಷ ಇಲ್ಲಿಗೆ ಬರುವುದು. ಹೊಳೆಯ ಕಡೆಯಿಂದ ಮೂರನೆಯ ಸಾಲು, ಗೋಸಂಪಿಗೆ ಮರದ ಪಕ್ಕ. 1993ರ ಮಳೆಗಾಲದಲ್ಲಿ ಅವರನ್ನು ಮಣ್ಣು ಮಾಡಿದೆವು. ಗುಂಡಿಗೆ ನೀರು ಜಿನುಗುತ್ತಿದ್ದುದನ್ನೂ, ನನ್ನ ಪಾಲಿನ ಒಂದು ಹಿಡಿ ಮಣ್ಣು ಒದ್ದೆಯಾಗಿ ಬೆರಳಿಗೆ ಅಂಟಿ ಬೀಳದೆ ಉಳಿದದ್ದನ್ನೂ ಮರೆತಿಲ್ಲ. ಕಾಯಮ್ಮಾಗಿ ಜಾಗ ಕೊಂಡು ಕಲ್ಲು ಕಟ್ಟಿಸುವ ಶಕ್ತಿ ನಮಗಿರಲಿಲ್ಲ. ಹಾಗೆ ಕೊಳ್ಳದ ಫೊಂಡ್‌ಗಳನ್ನು, ಅಂದರೆ ಗುಂಡಿಗಳನ್ನು, ಕೆಲವು ವರ್ಷಗಳ ಬಳಿಕ ಮತ್ತೆ ತೆರೆಯುತ್ತಾರೆ. ಹಳೆಯ ಎಲುಬುಗಳನ್ನು ಪ್ರಾರ್ಥನೆ ಹೇಳಿ ಮೂಲೆಯ ಸಾಮೂಹಿಕ ಗುಂಡಿಗೆ ಸೇರಿಸಿ, ಜಾಗವನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಸಣ್ಣ ಇಗರ್ಜಿ, ಸಣ್ಣ ನೆಲ, ಸಾಯುವವರು ನಿಲ್ಲುವುದಿಲ್ಲ, ಬೇರೆ ದಾರಿಯಿಲ್ಲ.

ಅಜ್ಜಿಯ ಜಾಗದಲ್ಲಿ ಬೇರೆಯವರ ಶಿಲುಬೆ ನಿಂತದ್ದನ್ನು ಮೊದಲ ಸಲ ಕಂಡ ದಿನ ನಾನು ಮೇಣದ ಬತ್ತಿ ಹಚ್ಚದೆ ಮನೆಗೆ ಮರಳಿದ್ದೆ. ಅಪ್ಪನ ಹತ್ತಿರ ಅತ್ತೂಬಿಟ್ಟಿದ್ದೆ. ಅಪ್ಪ ಬೈಯಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಹೋಗಿ, ಅದೇ ದಿಬ್ಬದ ಕಾಲ ಬಳಿ ಬತ್ತಿ ಹಚ್ಚಿ, "ಇವರು ಬರುವಾಗ ಹಾಸಿಗೆ ಬೆಚ್ಚಗಿತ್ತು, ನಿನ್ನ ಅಜ್ಜಿ ಮಾಡಿಟ್ಟದ್ದು" ಎಂದರು. ಅಂದಿನಿಂದ ತಲೆಯ ಕಡೆ ಅವರ ಮನೆಯವರು, ಕಾಲ ಕಡೆ ನಾವು.

ಈ ಸಲ ಶಿಲುಬೆ ಮತ್ತೆ ಬದಲಾಗಿತ್ತು. ಹೊಸ ದಿಬ್ಬದ ಬಳಿ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತು ಸೇವಂತಿಗೆಯ ತೊಟ್ಟು ಮುರಿಯುತ್ತಿದ್ದರು. ನಾನು ಕಾಲ ಕಡೆ ಬಾಗಿದ್ದು ನೋಡಿ ಕೈ ನಿಲ್ಲಿಸಿದರು. ಹೇಳಬೇಕಾಯಿತು: ಇಲ್ಲಿ ನನ್ನ ಅಜ್ಜಿ ಇದ್ದರು, ಆಮೇಲೆ ಇನ್ನೊಬ್ಬರು, ಈಗ ನಿಮ್ಮವರು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸೀರೆಯ ಸೆರಗು ಸರಿಪಡಿಸಿಕೊಂಡು, ದಿಬ್ಬದ ಬದಿಯಲ್ಲಿ ಜಾಗ ಮಾಡಿ, "ಕೂತುಕೊಳ್ಳಿ" ಎಂದರು. ಅವರ ಗಂಡ ಹೊಳೆಯಿಂದ ಮರಳು ತೆಗೆಯುವ ದೋಣಿಯಲ್ಲಿ ದುಡಿದವರಂತೆ. ನಡುವಿನವರು ಯಾರೆಂದು ಅವರಿಗೆ ಗೊತ್ತಿಲ್ಲ. ಆ ಮನೆಯವರು ಮುಂಬಯಿಗೆ ಹೋದ ಮೇಲೆ ಇತ್ತ ಬಂದದ್ದನ್ನು ನಾನೂ ಕಂಡಿಲ್ಲ. ಶಿಲುಬೆಯ ಮೇಲಿದ್ದ ಹೆಸರು ಎಷ್ಟು ನೆನಪಿಸಿಕೊಂಡರೂ ನಾಲಿಗೆಗೆ ಬರಲಿಲ್ಲ, ಅದರಿಂದ ನನಗೆ ನಿಜಕ್ಕೂ ನಾಚಿಕೆಯಾಯಿತು. ಇಷ್ಟು ವರ್ಷ ಅವರ ಕಾಲ ಬಳಿ ನಿಂತವಳು ನಾನು.

ನಾಲ್ಕಕ್ಕೆ ಗಂಟೆ ಹೊಡೆಯಿತು. ಪೂಜೆಗೆ ಕರೆಯುವ ಚುರುಕಾದ ಗಂಟೆಯಲ್ಲ, ಒಂದೊಂದು ಹೊಡೆತದ ನಡುವೆ ಉಸಿರು ತೆಗೆದು ಬಿಡುವಷ್ಟು ಬಿಡುವಿರುವ ಸಾವಿನ ಗಂಟೆ. ನಡುವಿನ ಶಿಲುಬೆಯ ಬುಡದಲ್ಲಿ ಮೇಜು ಇಟ್ಟು ಬಲಿಪೂಜೆ ನಡೆಯಿತು. ಕುರ್ಚಿಗಳು ಮುದುಕರಿಗೆ ಮಾತ್ರ. ಉಳಿದವರು ತಮ್ಮ ತಮ್ಮವರ ಬಳಿಯೇ ನಿಂತಿದ್ದರು. ಹೀಗೆ ಜನ ಒಂದೇ ಕಡೆ ಗುಂಪುಗೂಡದೆ ಇಡೀ ಗುಡ್ಡದಲ್ಲಿ ಚದುರಿ ನಿಂತು, ಅಲ್ಲಲ್ಲಿಂದಲೇ ಪ್ರಾರ್ಥನೆಗೆ ಉತ್ತರ ಕೊಡುತ್ತಾರೆ. ಹಾಡು ಮುಂದಿನ ಸಾಲಿನಲ್ಲಿ ಮುಗಿದು ಹಿಂದಿನ ಸಾಲಿನಲ್ಲಿ ಇನ್ನೂ ನಡೆಯುತ್ತಿರುತ್ತದೆ.

ಆಮೇಲೆ ಹೆಸರುಗಳು. ಮನೆಮನೆಯವರು ಲಕೋಟೆಯಲ್ಲಿ ಬರೆದುಕೊಟ್ಟ ಪಟ್ಟಿಗಳನ್ನು ಗುರ್ಕಾರರು ಸರದಿಯಂತೆ ಓದಿದರು. ಒಂದೊಂದು ಹೆಸರಿಗೂ ಗುಡ್ಡದಲ್ಲಿ ಎಲ್ಲೋ ಒಂದು ತಲೆ ತಗ್ಗುತ್ತಿತ್ತು. ಅಜ್ಜಿಯ ಹೆಸರು ಬಂದಾಗ ಪಕ್ಕದ ಹೆಂಗಸು ನನ್ನ ಮೊಣಕೈ ಮುಟ್ಟಿದರು. ಅವರ ಗಂಡನ ಹೆಸರು ಬಂದಾಗ ನಾನು ಅವರ ಕೈ ಹಿಡಿದುಕೊಂಡೆ. ಪಟ್ಟಿ ಮುಗಿದ ಮೇಲೆ ಗುರುಗಳು ಸಾಲು ಸಾಲಾಗಿ ನಡೆದು ತೀರ್ಥ ಚಿಮುಕಿಸಿದರು, ಹಿಂದೆ ಧೂಪ ಹಿಡಿದ ಹುಡುಗ. ಹೂವಿಲ್ಲದ, ಯಾರೂ ನಿಂತಿರದ ದಿಬ್ಬಗಳ ಬಳಿ ಅವರು ತುಸು ಹೆಚ್ಚು ಹೊತ್ತು ನಿಂತರು. ಮೂಲೆಯ ಸಾಮೂಹಿಕ ಗುಂಡಿಯ ಮೇಲೆ ಮೂರು ಸಲ. ಅಜ್ಜಿಯ ಎಲುಬು ಇರುವುದು ಅಲ್ಲೇ. ಆದರೆ ಮೈ ಕರಗಿ ಮಣ್ಣಾದದ್ದು ಇಲ್ಲಿ, ಗೋಸಂಪಿಗೆಯ ಬೇರಿನ ಹತ್ತಿರ. ನಾನು ಎರಡೂ ಕಡೆ ಕೈ ಮುಗಿದೆ.

ಕತ್ತಲಾಗುವ ಹೊತ್ತಿಗೆ ಗುಡ್ಡ ಪೂರ್ತಿ ಬತ್ತಿಗಳು. ಹೊಳೆಗಾಳಿಗೆ ಆರದಂತೆ ಕೆಲವರು ಗೆರಟೆ ಅಡ್ಡ ಇಟ್ಟಿದ್ದರು. ಮಕ್ಕಳು ಕರಗಿ ಇಳಿದ ಬಿಸಿ ಮೇಣವನ್ನು ಬೆರಳಲ್ಲಿ ಉಂಡೆ ಮಾಡುತ್ತಾ, ಯಾರ ಉಂಡೆ ದೊಡ್ಡದೆಂದು ಜಗಳಾಡುತ್ತಿದ್ದರು, ಯಾರೂ ಗದರಲಿಲ್ಲ. ಗೋಡೆಯಾಚೆ ಬಯಲಿನಲ್ಲಿ ನೆರೆಯ ಮನೆಯವರು ಬಲೀಂದ್ರನಿಗೆ ದೀಪ ಇಡುತ್ತಿದ್ದರು. ವರ್ಷಕ್ಕೊಮ್ಮೆ ತನ್ನ ನೆಲ ನೋಡಲು ಬರುವ ಅರಸನನ್ನು ಕರೆಯುವ 'ಕೂ' ಎಂಬ ಕೂಗು ಹೊಳೆಯವರೆಗೆ ಹೋಗಿ ಮರಳಿ ಬಂತು. ನಮ್ಮವರಲ್ಲಿ ಕೆಲವರು ಪ್ರಾರ್ಥನೆ ನಿಲ್ಲಿಸಿ ಅತ್ತ ನೋಡಿ, ಮತ್ತೆ ಮಣಿ ಎಣಿಸತೊಡಗಿದರು.

ನಾನು ಬಾಳೆಎಲೆ ಬಿಚ್ಚಿದೆ. ಬೆಳಗ್ಗಿನ ಮೊಗ್ಗುಗಳು ಅರಳಿದ್ದವು. ಹೆಂಗಸು ಮಲ್ಲಿಗೆಯ ಚೆಂಡನ್ನು ಕೈಗೆ ತೆಗೆದುಕೊಂಡು, ದಾರವನ್ನು ಹಲ್ಲಿನಿಂದ ಕಡಿದು ಮೂರು ತುಂಡು ಮಾಡಿ, ದಿಬ್ಬದ ತಲೆಗೊಂದು, ನಡುವಿಗೊಂದು, ಕಾಲಿಗೊಂದು ಇಟ್ಟರು. ಪ್ರತಿ ತುಂಡಿನ ಬಳಿ ಒಂದು ಬತ್ತಿ. ನಡುವಿನದು ಗಾಳಿಗೆ ಆರಿತು. ಅವರು ತಮ್ಮ ಗಂಡನ ಬತ್ತಿಯನ್ನು ಮಣ್ಣಿನಿಂದ ಕಿತ್ತು, ಬಾಗಿಸಿ ಅದರಿಂದ ಮತ್ತೆ ಹಚ್ಚಿ, ಬದಿಯಲ್ಲಿ ಅಂಗೈ ಅಡ್ಡ ಹಿಡಿದು ಕೂತರು. ನಾನು ಇನ್ನೊಂದು ಬದಿಯಲ್ಲಿ ಹಿಡಿದೆ.