ಕಷಾಯ ಮೂಗಿನವರೆಗೆ ಮುಟ್ಟುತ್ತದೆಯೇ?

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಒಂದು ಪುಟ್ಟ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅರಿಶಿನದ ಮುಖ್ಯ ಸತ್ವವಾದ ಕರ್ಕ್ಯುಮಿನ್ ಅನ್ನು ಎರಡು ಗ್ರಾಂ ತೂಗಿ ಆರೋಗ್ಯವಂತರಿಗೆ ನುಂಗಿಸಿ, ಆಮೇಲೆ ಅವರ ರಕ್ತ ಪರೀಕ್ಷಿಸಿದರು. ರಕ್ತದಲ್ಲಿ ಕರ್ಕ್ಯುಮಿನ್ ಇಲ್ಲವೆಂಬಷ್ಟು ಕಡಿಮೆಯಿತ್ತು. ಕಾಳುಮೆಣಸಿಗೆ ಖಾರ ಕೊಡುವ ಪೈಪರಿನ್ ಅನ್ನು 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ ರಕ್ತಕ್ಕೆ ಸೇರಿದ ಪ್ರಮಾಣ ಶೇ 2000ದಷ್ಟು ಏರಿತು. ಅರಿಶಿನದ ಮಾತ್ರೆ ಮಾರುವವರು ಇಂದಿಗೂ ಈ ಅಂಕಿಯನ್ನು ಹೇಳಿಕೊಂಡು ತಿರುಗುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸುವುದು ಪ್ರಯೋಗದ ಮೊದಲ ಅರ್ಧ. ಮೆಣಸಿಲ್ಲದೆ ಹೆಚ್ಚುಕಡಿಮೆ ಏನೂ ಸೇರಲಿಲ್ಲ. ಏನೂ ಇಲ್ಲದ್ದು ಇಪ್ಪತ್ತು ಪಟ್ಟಾದರೂ ದೊಡ್ಡ ಮೊತ್ತವೇನೂ ಆಗುವುದಿಲ್ಲ.

ಬೆಳಗೆದ್ದರೆ ಸಾಲು ಸೀನು, ಸಂಜೆಗೆ ಕಟ್ಟಿದ ಮೂಗು, ವರ್ಷವಿಡೀ ಕೈಯಲ್ಲಿ ಕರವಸ್ತ್ರ. ಇಂಥವರಿಗೆ ಮನೆಮದ್ದು ಹೇಳದ ನೆಂಟರಿಲ್ಲ. ಅರಿಶಿನ ಹಾಲು, ಅಮೃತಬಳ್ಳಿ ಕಷಾಯ, ತುಳಸಿ, ಜೇನು, ಹಬೆ. ಇವುಗಳಲ್ಲಿ ಯಾವುದಕ್ಕೆ ಹುರುಳಿದೆ ಎಂದು ತಿಳಿಯಲು ಅಲರ್ಜಿಯಾದಾಗ ಮೂಗಿನೊಳಗೆ ನಡೆಯುವುದನ್ನು ಮೊದಲು ನೋಡಬೇಕು.

ಕಾಂಗ್ರೆಸ್ ಗಿಡದ ಪರಾಗವೋ, ಹಾಸಿಗೆಯ ಧೂಳಿನಲ್ಲಿ ಬದುಕುವ ಕಣ್ಣಿಗೆ ಕಾಣದ ಮೈಟ್ ಹುಳದ ಹಿಕ್ಕೆಯೋ ಮೂಗಿನ ಒಳಪದರಕ್ಕೆ ತಾಗುತ್ತದೆ. ಅಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಐಜಿಇ ಎಂಬ ಪ್ರತಿಕಾಯಗಳು ಅಂಟಿಕೊಂಡಿರುತ್ತವೆ. ಹೊರಗಿನ ಕಣ ಅವಕ್ಕೆ ಸಿಕ್ಕಿದೊಡನೆ ಮಾಸ್ಟ್ ಕೋಶ ಹಿಸ್ಟಮಿನ್ ಚೆಲ್ಲುತ್ತದೆ. ನಿಮಿಷಗಳಲ್ಲೇ ತುರಿಕೆ, ಸೀನು, ಸೋರುವ ಮೂಗು. ಕಥೆ ಇಲ್ಲಿಗೇ ನಿಂತಿದ್ದರೆ ಹಿಸ್ಟಮಿನ್ ತಡೆಯುವ ಸೆಟಿರಿಝಿನ್ ಮಾತ್ರೆಯೊಂದೇ ಸಾಕಿತ್ತು. ಆದರೆ ನಾಲ್ಕರಿಂದ ಎಂಟು ಗಂಟೆಗಳ ಬಳಿಕ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ದಂಡು ಅಲ್ಲಿಗೆ ಬಂದಿಳಿಯುತ್ತದೆ. ಒಳಪದರ ಊದುತ್ತದೆ, ಮೂಗು ಕಟ್ಟುತ್ತದೆ, ಒಗ್ಗರಣೆಯ ಘಮ ತಿಳಿಯುವುದಿಲ್ಲ. ಇದೇ ಉರಿಯೂತ. ಕಣಗಳು ದಿನಾ ಬೀಳುತ್ತಿದ್ದರೆ ಅದು ಆರುವುದೇ ಇಲ್ಲ, ಹಳೆಯ ಅಲರ್ಜಿಯವರ ನಿಜವಾದ ಗೋಳೂ ಇದೇ. ಇದಕ್ಕೆ ವೈದ್ಯರು ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಡುತ್ತಾರೆ. ಸ್ಟೀರಾಯ್ಡ್ ಎಂದು ಕೇಳಿದ ಕೂಡಲೇ ಅರ್ಧ ಜನ ಚೀಟಿ ಮಡಚಿಟ್ಟು ಕಷಾಯದ ಕಡೆ ತಿರುಗುತ್ತಾರೆ. ಈ ಭಯ ಬಹುಪಾಲು ಅನಗತ್ಯ. ಸ್ಪ್ರೇಯಲ್ಲಿ ಬರುವುದು ಮೈಕ್ರೊಗ್ರಾಂ ಲೆಕ್ಕದ ಔಷಧ. ಈಗಿನ ಸ್ಪ್ರೇಗಳಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದಕ್ಕಿಂತ ಭಯಪಡಬೇಕಾದದ್ದು ಹೆಸರಿಲ್ಲದ 'ಗಿಡಮೂಲಿಕೆ ಪುಡಿ'ಗೆ. ಒಂದೇ ದಿನದಲ್ಲಿ ಪವಾಡದಂತೆ ಕೆಲಸ ಮಾಡುವ ಇಂಥ ಪುಡಿಗಳಲ್ಲಿ ಕದ್ದು ಬೆರೆಸಿದ ಸ್ಟೀರಾಯ್ಡ್ ಸಿಕ್ಕಿರುವುದು ಹಲವು ದೇಶಗಳ ಅನುಭವ.

ಈಗ ಅರಿಶಿನಕ್ಕೆ ಬರೋಣ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಕರ್ಕ್ಯುಮಿನ್ ಸುರಿದರೆ ಉರಿಯೂತದ ಸಂಕೇತಗಳು ತಗ್ಗುತ್ತವೆ, ನಿಜ. ಬಾಯಿಂದ ಹೋದದ್ದು ಮೂಗನ್ನು ಮುಟ್ಟಬೇಕಾದರೆ ಕರುಳು ಮತ್ತು ಯಕೃತ್ತು ಎಂಬ ಎರಡು ಸುಂಕದಕಟ್ಟೆಗಳನ್ನು ದಾಟಬೇಕು, ಎರಡೂ ಕರ್ಕ್ಯುಮಿನ್ ಅನ್ನು ಸಕ್ಕರೆಯಂಥ ಅಣುವಿಗೆ ಜೋಡಿಸಿ ಹೊರಸಾಗಿಸುತ್ತವೆ. ಅಡುಗೆಮನೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು. ಒಂದು ಲೋಟ ಹಾಲಿಗೆ ಅರ್ಧ ಚಮಚ ಹಾಕಿದರೆ ಸಿಗುವುದು ಸುಮಾರು 45 ಮಿಲಿಗ್ರಾಂ. ಸೇಂಟ್ ಜಾನ್ಸ್ ಪ್ರಯೋಗದ ಎರಡು ಗ್ರಾಂ ಮುಟ್ಟಲು ಇಪ್ಪತ್ತಕ್ಕೂ ಹೆಚ್ಚು ಚಮಚ ಅರಿಶಿನ ಬೇಕು! ಹಾಗಾಗಿ ಅರಿಶಿನ ಹಾಲು ಕುಡಿದು ಹಾಯೆನಿಸಿದರೆ ಅದರಲ್ಲಿ ಬಿಸಿ ಹಾಲಿನ ಪಾಲೂ ಇದ್ದೀತು.

ಹಾಗೆಂದು ಕರ್ಕ್ಯುಮಿನ್ ಅನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 2016ರಲ್ಲಿ ಪ್ರಕಟವಾದ, 241 ರೋಗಿಗಳ ಮೇಲೆ ಎರಡು ತಿಂಗಳು ನಡೆದ ಅಧ್ಯಯನದಲ್ಲಿ ಕರ್ಕ್ಯುಮಿನ್ ತೆಗೆದುಕೊಂಡವರ ಸೀನು, ಮೂಗು ಕಟ್ಟುವಿಕೆ ಎರಡೂ ಕಡಿಮೆಯಾಗಿದ್ದವು. ಒಂದು ಅಧ್ಯಯನ ಆಶೆ ಹುಟ್ಟಿಸಬಹುದು, ತೀರ್ಪು ಕೊಡಲಾರದು. ಮೆಣಸಿನ ಸತ್ವ ಬೆರೆಸಿದ ಮಾತ್ರೆಗಳಿಗೆ ಇನ್ನೊಂದು ಮುಖವೂ ಇದೆ. ಪೈಪರಿನ್ ಯಕೃತ್ತಿನ ಕೈಕಟ್ಟುತ್ತದೆ. ಆಗ ಕರ್ಕ್ಯುಮಿನ್ ಮಾತ್ರವಲ್ಲ, ಮೂರ್ಛೆರೋಗದ ಫೆನಿಟಾಯಿನ್, ಉಬ್ಬಸದ ಥಿಯೋಫಿಲಿನ್ ಕೂಡ ರಕ್ತದಲ್ಲಿ ಏರುತ್ತವೆ. ಇಂಥ ಸಾಂದ್ರ ಮಾತ್ರೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಸಾರಿಗೆ ಹಾಕುವ ಅರಿಶಿನ, ಮೆಣಸಿಗೆ ಈ ಮಾತು ಅನ್ವಯಿಸುವುದಿಲ್ಲ.

ಅಮೃತಬಳ್ಳಿಯದೂ ಹೆಚ್ಚುಕಡಿಮೆ ಇದೇ ಕಥೆ. 2005ರಲ್ಲಿ 75 ರೋಗಿಗಳ ಮೇಲೆ ಎಂಟು ವಾರ ನಡೆದ ಭಾರತೀಯ ಅಧ್ಯಯನದಲ್ಲಿ ಅದರ ಸಾರ ಅಲರ್ಜಿಯ ಮೂಗಿಗೆ ಚೆನ್ನಾಗಿಯೇ ನಾಟಿತ್ತು. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಇದರ ಕಷಾಯ ಕುದಿಯತೊಡಗಿದ ಮೇಲೆ, ಇದನ್ನು ಸೇವಿಸಿದ ಆರು ಮಂದಿಯ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ರೋಗನಿರೋಧಕ ವ್ಯವಸ್ಥೆಯನ್ನು ಕೆಣಕುವ ಶಕ್ತಿ ಬಳ್ಳಿಗೆ ನಿಜಕ್ಕೂ ಇದ್ದರೆ, ಅದು ಒಳ್ಳೆಯದನ್ನಷ್ಟೇ ಕೆಣಕುತ್ತದೆ ಎಂದುಕೊಳ್ಳಲು ಕಾರಣವಿಲ್ಲ.

ಜೇನಿನ ವಾದ ಕೇಳಲು ಸೊಗಸು: ಊರಿನ ಜೇನಿನಲ್ಲಿ ಊರಿನ ಪರಾಗವಿರುತ್ತದೆ, ದಿನಾ ನೆಕ್ಕಿದರೆ ಮೈ ಒಗ್ಗಿಕೊಳ್ಳುತ್ತದೆ. ಆದರೆ ಜೇನುನೊಣ ಹೊತ್ತು ತರುವುದು ಹೆಚ್ಚಾಗಿ ಬಣ್ಣದ ಹೂಗಳ ಜಿಗುಟು ಪರಾಗ. ಸೀನು ತರಿಸುವುದು ಹುಲ್ಲು, ಸರ್ವೆ ಮರದಂಥವು ಗಾಳಿಗೆ ತೂರುವ ಒಣ ಪರಾಗ. ಅಮೆರಿಕದ ಕನೆಕ್ಟಿಕಟ್‌ನಲ್ಲಿ 2002ರಲ್ಲಿ 36 ಮಂದಿಗೆ ಸ್ಥಳೀಯ ಜೇನು, ಬೇರೆಡೆಯ ಜೇನು ಮತ್ತು ಜೇನಿನ ರುಚಿ ಬೆರೆಸಿದ ಜೋಳದ ಪಾಕ ಹಂಚಿ ನೋಡಿದಾಗ ಮೂರಕ್ಕೂ ವ್ಯತ್ಯಾಸ ಕಾಣಲಿಲ್ಲ.

ಗಿಡದಿಂದ ಹುಟ್ಟಿ ಅಲರ್ಜಿಯನ್ನು ನಿಜಕ್ಕೂ ತಡೆದ ಮದ್ದು ಒಂದಿದೆ. ಅದರ ಬೇರು ಈಜಿಪ್ಟಿನಲ್ಲಿ. ಓಂಕಾಳು, ಜೀರಿಗೆ, ಕೊತ್ತಂಬರಿಯ ಕುಟುಂಬಕ್ಕೇ ಸೇರಿದ ಅಮ್ಮಿ ವಿಸ್ನಾಗ ಎಂಬ ಗಿಡವನ್ನು ಅಲ್ಲಿಯವರು ಮೂತ್ರಕಲ್ಲಿನ ನೋವಿಗೆ ಬಳಸುತ್ತಿದ್ದರು. ಅದರ ಖೆಲ್ಲಿನ್ ಎಂಬ ಸತ್ವವನ್ನು ಹಿಡಿದು ಇಂಗ್ಲೆಂಡಿನ ಔಷಧ ಪ್ರಯೋಗಾಲಯವೊಂದು 1950ರ ದಶಕದಲ್ಲಿ ಹೊಸ ಅಣುಗಳನ್ನು ಕಟ್ಟುತ್ತಿತ್ತು. ಅಲ್ಲಿದ್ದ ವೈದ್ಯ ರೋಜರ್ ಆಲ್ಟೂನ್ಯನ್‌ಗೆ ಸ್ವತಃ ಉಬ್ಬಸವಿತ್ತು, ಗಿನಿಯಿಲಿಯ ಕೂದಲು ಆಗುತ್ತಿರಲಿಲ್ಲ. ಆತ ಗಿನಿಯಿಲಿಯ ಕೂದಲನ್ನು ನೀರಲ್ಲಿ ನೆನೆಸಿ, ಆ ನೀರಿನ ತುಂತುರನ್ನು ಉಸಿರಿಗೆ ಎಳೆದುಕೊಂಡು ತಾನೇ ಉಬ್ಬಸ ಬರಿಸಿಕೊಳ್ಳುತ್ತಿದ್ದ. ಹೊಸ ಅಣು ಅದನ್ನು ತಡೆಯುತ್ತದೆಯೇ ಎಂದು ನೋಡುತ್ತಿದ್ದ. ನೂರಾರು ಅಣುಗಳು ಸೋತ ಮೇಲೆ 1965ರಲ್ಲಿ ಕ್ರೋಮೊಲಿನ್ ಕೈಗೆ ಬಂತು. (ಆರ್ಥರ್ ರ‍್ಯಾನ್ಸಮ್‌ನ ಮಕ್ಕಳ ಕಾದಂಬರಿ 'ಸ್ವಾಲೋಸ್ ಅಂಡ್ ಅಮೆಜಾನ್ಸ್'ನ ತುಂಟ ರೋಜರ್‌ಗೆ ಮಾದರಿ ಇದೇ ರೋಜರ್.)

ಕ್ರೋಮೊಲಿನ್ ಗುಣ ವಿಚಿತ್ರ. ಸೀನು ಶುರುವಾದ ಮೇಲೆ ಹಾಕಿಕೊಂಡರೆ ಹೆಚ್ಚೇನೂ ಪ್ರಯೋಜನವಿಲ್ಲ. ಮೊದಲೇ ಹಾಕಿಕೊಂಡಿದ್ದರೆ ಮಾಸ್ಟ್ ಕೋಶ ಬಾಯಿಬಿಡುವುದಿಲ್ಲ. ನುಂಗಿದರೆ ಅದೂ ಕರ್ಕ್ಯುಮಿನ್‌ನಂತೆ ರಕ್ತಕ್ಕೆ ಸೇರುವುದು ಅಷ್ಟಕ್ಕಷ್ಟೆ. ವಿಮಾನ ಹಾರಿಸಿದ್ದ ಅನುಭವವಿದ್ದ ಆಲ್ಟೂನ್ಯನ್ ಪುಡಿಯನ್ನು ಉಸಿರಿನೊಂದಿಗೆ ಒಳಗೆಳೆಯಲು ಪುಟ್ಟ ಪ್ರೊಪೆಲರ್ ಇದ್ದ ಸಾಧನವನ್ನೇ ರೂಪಿಸಿದ. ಹೊಟ್ಟೆಯ ದಾರಿ ಬಿಟ್ಟು ನೇರ ಉಸಿರಿನ ದಾರಿ ಹಿಡಿದದ್ದೇ ಅದರ ಗೆಲುವು. ಕಣ್ಣು, ಮೂಗಿನ ಅಲರ್ಜಿಗೆ ಇಂದಿಗೂ ಅದನ್ನು ಬಳಸುತ್ತಾರೆ.

ನೀಲಗಿರಿ ಎಣ್ಣೆ, ಮೆಂಥಾಲ್ ಮುಲಾಮುಗಳೂ ಉಸಿರಿನ ದಾರಿಯವೇ, ಆದರೆ ಮೆಂಥಾಲ್ ಮಾಡುವುದು ಕಣ್ಕಟ್ಟು. ಅದು ಮೂಗಿನ ತಂಪು ಗುರುತಿಸುವ ನರಗಳನ್ನು ಎಬ್ಬಿಸುತ್ತದೆ. ಗಾಳಿ ಸರಾಗವಾಗಿ ಹೋದಂತೆ ಅನ್ನಿಸುತ್ತದೆ. ಅಳೆದು ನೋಡಿದರೆ ಮೂಗು ಕಟ್ಟಿಕೊಂಡೇ ಇರುತ್ತದೆ. ಮಲಗುವ ಹೊತ್ತಿಗೆ ಆ ಸುಳ್ಳೂ ಹಿತವೇ.

ಉಳಿದದ್ದು ಉಪ್ಪುನೀರು. ಈ ಸರಳ ಮದ್ದಿಗೇ ನನ್ನ ಮತ. ಅದರಿಂದ ಮೂಗು ತೊಳೆಯುವ ಜಲನೇತಿ ಯೋಗ ಬಲ್ಲವರಿಗೆ ಹೊಸದಲ್ಲ. ಪರಾಗ, ಮೈಟ್ ಹಿಕ್ಕೆ, ಉರಿಯೂತದ ರಾಸಾಯನಿಕ ಸೇರಿದ ಸಿಂಬಳ ಎಲ್ಲವನ್ನೂ ಅದು ತೊಳೆದು ಹಾಕುತ್ತದೆ. 14 ಅಧ್ಯಯನಗಳನ್ನು, ಒಟ್ಟು 747 ಮಂದಿಯನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಎಂಬ ಸಂಶೋಧಕರ ಜಾಲದ 2018ರ ವಿಮರ್ಶೆ, ಉಪ್ಪುನೀರಿನಿಂದ ಮೂಗಿನ ಬಾಧೆ ಇಳಿಯುವಂತೆ ಕಾಣುತ್ತದೆ ಎಂದಿತು. ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದೂ ಸೇರಿಸಿತು.

ಲೀಟರ್ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ ಉಪ್ಪು. ಅಯೋಡಿನ್ ಇಲ್ಲದ ಉಪ್ಪಾದರೆ ಉರಿ ಕಡಿಮೆ. ನೀರನ್ನು ಕುದಿಸಿ ಆರಿಸಿಯೇ ಬಳಸಬೇಕು, ನಲ್ಲಿಯಿಂದ ನೇರ ಹಿಡಿದದ್ದು ಬೇಡ. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ನೇಗ್ಲೇರಿಯಾ ಎಂಬ ಅಮೀಬಾ ಮಿದುಳಿಗೇರಿ ಸತ್ತರು. ಅದೇ ನೀರು ಕುಡಿದರೆ ಈ ಅಮೀಬಾ ಏನೂ ಮಾಡದು. ಮೂಗಿನಿಂದ ಹೋದರೆ ವಾಸನೆಯ ನರ ಹಿಡಿದು ಮಿದುಳು ಮುಟ್ಟುತ್ತದೆ. ಈಚಿನ ವರ್ಷಗಳಲ್ಲಿ ಕೇರಳದಲ್ಲಿ ಅಮೀಬಾ ಮಿದುಳುಜ್ವರದ ಪ್ರಕರಣಗಳು ಮತ್ತೆ ಮತ್ತೆ ವರದಿಯಾಗುತ್ತಿರುವಾಗ ನಾವೂ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಸ್ಟೀರಾಯ್ಡ್ ಸ್ಪ್ರೇ ಬಳಸುವವರು ಮೊದಲು ಮೂಗು ತೊಳೆದು, ಸ್ವಲ್ಪ ಹೊತ್ತು ಬಿಟ್ಟು ಸ್ಪ್ರೇ ಹೊಡೆದುಕೊಳ್ಳಲಿ. ಹಿಂದುಮುಂದಾದರೆ ಔಷಧ ಬಚ್ಚಲಿಗೆ ಹೋಗುತ್ತದೆ. ಎದೆಯಲ್ಲಿ ಸುಯ್‌ಗುಟ್ಟುವ ಸದ್ದು, ರಾತ್ರಿ ಬಿಡದ ಕೆಮ್ಮು ಶುರುವಾಗಿದ್ದರೆ ತೊಂದರೆ ಶ್ವಾಸನಾಳಕ್ಕೆ ಇಳಿದಿರಬಹುದು. ಅಲ್ಲಿಗೆ ಉಪ್ಪುನೀರೂ ಮುಟ್ಟದು, ಕಷಾಯವೂ ಮುಟ್ಟದು. ಅದಕ್ಕೆ ವೈದ್ಯರನ್ನು ಕಾಣಬೇಕು, ಇನ್‌ಹೇಲರ್ ಬೇಕಾದೀತು.