ನೀರು ತಿಳಿಯಾಗಿದ್ದರೆ ಸಾಲದು: ಮನೆಯ ಅಕ್ವೇರಿಯಂನಲ್ಲಿ ಮೀನು ಸಾಯೋದು ಯಾಕೆ?

ಕಳೆದ ವರ್ಷ ಮಗಳ ಹುಟ್ಟುಹಬ್ಬಕ್ಕೆ 40 ಲೀಟರಿನ ಫಿಶ್ ಟ್ಯಾಂಕ್, ನಾಲ್ಕು ಗೋಲ್ಡ್ ಫಿಶ್ ತಂದೆ. ಪ್ರತಿ ಭಾನುವಾರ ನೀರೆಲ್ಲ ಚೆಲ್ಲಿ, ಕಲ್ಲು, ಗಾಜು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದು ಹೊಸ ನೀರು ತುಂಬುತ್ತಿದ್ದೆ. ಮೂರನೇ ವಾರದೊಳಗೆ ನಾಲ್ಕೂ ಸತ್ತವು.

"ಅಪ್ಪ, ನೀರು ಕ್ಲೀನಾಗೇ ಇತ್ತಲ್ವಾ?" ಅಂದಳು ಮಗಳು.

ಎಂಜಿನಿಯರಿಂಗ್ ಓದಿದ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದುತ್ತಾ ಹೋದ ಹಾಗೆ ಗೊತ್ತಾಗಿದ್ದು ಇಷ್ಟು: ಆ ಮೀನುಗಳನ್ನು ಕೊಂದದ್ದು ಕೊಳೆಯಲ್ಲ, ನನ್ನ ಶುಚಿತ್ವ.

ಕಣ್ಣಿಗೆ ಕಾಣದ ವಿಷ

ಮೀನು ತಿಂದ ಆಹಾರದ ಪ್ರೋಟೀನು ಕೊನೆಗೆ ಅಮೋನಿಯಾ ಆಗುತ್ತೆ. ಅದರ ಬಹುಪಾಲು ಕಿವಿರುಗಳ ಮೂಲಕವೇ ಹೊರಬರುತ್ತೆ. ಮಿಕ್ಕ ಆಹಾರ, ಹಿಕ್ಕೆ ಕೊಳೆತಾಗಲೂ ಅದೇ. ಕೆರೆಯಲ್ಲಾದರೆ ಅದು ಲಕ್ಷಾಂತರ ಲೀಟರಿನಲ್ಲಿ ಕರಗಿಹೋಗುತ್ತೆ. 40 ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಇಷ್ಟು ಸಣ್ಣ ಪ್ರಮಾಣದಲ್ಲಿ ಅಮೋನಿಯಾಕ್ಕೆ ಬಣ್ಣ ಇಲ್ಲ, ನಮ್ಮ ಮೂಗಿಗೆ ವಾಸನೆಯೂ ಗೊತ್ತಾಗಲ್ಲ. ನೀರು ಫಳಫಳ ಅಂತಿರುತ್ತೆ, ಮೀನಿನ ಕಿವಿರು ಸುಡುತ್ತಿರುತ್ತೆ.

ಇದನ್ನು ನಿಭಾಯಿಸೋದು ಎರಡು ಗುಂಪಿನ ಬ್ಯಾಕ್ಟೀರಿಯಾ. ಮೊದಲ ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಹಿಮೋಗ್ಲೋಬಿನ್ ಕೆಡಿಸಿ ಆಮ್ಲಜನಕ ಸಾಗಿಸದಂತೆ ಮಾಡುತ್ತೆ. ಎರಡನೇ ಗುಂಪು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತೆ. ಇದು ಉಳಿದೆರಡಕ್ಕಿಂತ ಎಷ್ಟೋ ಸೌಮ್ಯ.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡಿಕೊಂಡು ಇರೋದು ಕಡಿಮೆ. ಸ್ಪಂಜು, ಕಲ್ಲು, ಗಾಜಿಗೆ ಅಂಟಿಕೊಂಡು ಬೆಳೆಯುತ್ತವೆ. ಹೊಸ ಟ್ಯಾಂಕಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಪ್ರತಿ ಭಾನುವಾರ ತಿಕ್ಕಿ ತೊಳೆದು ಮೋರಿಗೆ ಬಿಡುತ್ತಿದ್ದದ್ದು ಇವನ್ನೇ.

ಹಾಗಾಗಿ ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ ಸಾಕಬೇಕು. ಖಾಲಿ ಟ್ಯಾಂಕಿನಲ್ಲಿ ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಒಮ್ಮೆ ಏರಿ ಸೊನ್ನೆಗೆ ಇಳಿದ ಮೇಲೆ ಮೀನು ತನ್ನಿ. ಸ್ನೇಹಿತರ ಮನೆಯಲ್ಲಿ ಆರೋಗ್ಯವಾಗಿರೋ ಹಳೇ ಟ್ಯಾಂಕ್ ಇದ್ದರೆ ಅದರ ಸ್ಪಂಜಿನ ಒಂದು ತುಂಡು ಕೇಳಿ. ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಆಗುತ್ತೆ.

ಅಂದಹಾಗೆ, ಮನೆಯಲ್ಲಿರೋ ಟಿಡಿಎಸ್ ಮೀಟರ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಅದು 300 ತೋರಿಸುವ ನೀರಿಗೆ ಮೀನನ್ನು ಕೊಲ್ಲುವಷ್ಟು ಅಮೋನಿಯಾ ಸೇರಿದರೂ ಮೀಟರಿನಲ್ಲಿ ಹೆಚ್ಚುಕಮ್ಮಿ 300 ಅಂತಲೇ ಇರುತ್ತೆ.

ಕಾವೇರಿ, ಬೋರ್‌ವೆಲ್, ಆರ್‌ಒ

ಬೆಂಗಳೂರಿನಲ್ಲಿ ಒಂದೇ ಮನೆಗೆ ಮೂರು ಥರದ ನೀರು ಬರುತ್ತೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತೆ. ಅದನ್ನು ಹಾಕೋದೇ ಸೂಕ್ಷ್ಮಜೀವಿ ಕೊಲ್ಲೋಕೆ, ಸ್ಪಂಜಿನ ಬ್ಯಾಕ್ಟೀರಿಯಾವನ್ನೂ ಬಿಡಲ್ಲ, ಕಿವಿರನ್ನೂ ಬಿಡಲ್ಲ. ಬಾಯಿ ಅಗಲದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಿ.

ಬೋರ್‌ವೆಲ್, ಟ್ಯಾಂಕರ್ ನೀರು ಸಾಮಾನ್ಯವಾಗಿ ಗಡಸು. ಗಡಸು ಅನ್ನೋದೇ ಸಮಸ್ಯೆಯಲ್ಲ. ಗಪ್ಪಿ, ಮೋಲಿಗಳಿಗೆ ಅದು ಇಷ್ಟವೇ. ಆದರೆ ಪಿಎಚ್ ನೋಡಿಕೊಳ್ಳಿ. 25 ಡಿಗ್ರಿ ಶಾಖದಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಹೆಚ್ಚು ವಿಷಕಾರಿ ರೂಪದ್ದು ಶೇ. 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಶೇ. 5ರ ಆಸುಪಾಸು.

ಹಾಗಾದರೆ ಆರ್‌ಒ ನೀರೇ ಹಾಕೋಣ ಅಂತೀರಾ? ಬೇಡ. ಬ್ಯಾಕ್ಟೀರಿಯಾ ಅಮೋನಿಯಾ ಕರಗಿಸುವಾಗ ಆಮ್ಲ ಹುಟ್ಟುತ್ತೆ. ಅದನ್ನು ತಡೆದುಕೊಳ್ಳುವ ಖನಿಜಾಂಶ ಆರ್‌ಒ ನೀರಿನಲ್ಲಿ ಇಲ್ಲದ ಕಾರಣ ಪಿಎಚ್ ಏಕ್‌ದಂ ಕುಸಿಯಬಹುದು. ಬೇಕಿದ್ದರೆ ಗಡಸು ನೀರಿನ ಜೊತೆ ಬೆರೆಸಿ ಬಳಸಿ.

ಎಷ್ಟು ನೀರು ಬದಲಿಸಬೇಕು?

ಇಲ್ಲಿ ಒಂದು ಸಣ್ಣ ಲೆಕ್ಕ. ನಿಮ್ಮ ಟ್ಯಾಂಕಿನಲ್ಲಿ ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಸೇರುತ್ತೆ ಅಂದುಕೊಳ್ಳಿ. ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ ಅದು ನಿಧಾನಕ್ಕೆ ಏರಿ 40ಕ್ಕೆ ನಿಲ್ಲುತ್ತೆ. ಅರ್ಧ ಬದಲಿಸಿದರೆ 20ಕ್ಕೆ. ಬಹುತೇಕ ಹವ್ಯಾಸಿಗಳು ಇಟ್ಟುಕೊಳ್ಳೋ ಮಿತಿ 40. ಮೀನು ಕಡಿಮೆ ಇದ್ದರೆ ಕಾಲು ಭಾಗ ಸಾಕು, ಹೆಚ್ಚಿದ್ದರೆ ಸಾಲದು. ಹೊಸ ನೀರಿನ ಶಾಖ ಹಳೇ ನೀರಿನಷ್ಟೇ ಇರಲಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಹಿಂಡಿ, ನಲ್ಲಿ ನೀರಿನಲ್ಲಿ ಬೇಡ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಆಹಾರ ಹಾಕಿ.

ಬೇಸಿಗೆಯಲ್ಲಿ ಇನ್ನಷ್ಟು ಎಚ್ಚರ ಬೇಕು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು. ಕರೆಂಟ್ ಹೋಗೋ ಊರಾದರೆ ಬ್ಯಾಟರಿಯ ಏರ್ ಪಂಪ್ ಒಂದು ಇರಲಿ.

ಕಿಟ್ ತೋರಿಸಿದ ಇನ್ನೊಂದು ಸತ್ಯ

ಎರಡನೇ ಸಲ ಟ್ಯಾಂಕ್ ಹೂಡುವಾಗ, ಮೀನು ಹಾಕೋ ಮೊದಲೇ ನಮ್ಮ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿದೆ. ನೈಟ್ರೇಟ್ ಟ್ಯೂಬು ಕಡುಗೆಂಪಾಯಿತು. ಇನ್ನೂ ಒಂದು ಮೀನೂ ಇಲ್ಲ!

ಇದೂ ಅದೇ ಕಥೆ. ಗದ್ದೆಗೆ ಸುರಿದ ಯೂರಿಯಾ, ಸೋರುವ ಶೌಚಗುಂಡಿಯ ತ್ಯಾಜ್ಯವನ್ನು ಮಣ್ಣಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತವೆ, ಅದು ಅಂತರ್ಜಲಕ್ಕೆ ಇಳಿಯುತ್ತೆ. ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಈ ಮಿತಿ ಮೀರಿದ ಮಾದರಿಗಳು ಹೆಚ್ಚು ಕಂಡ ರಾಜ್ಯಗಳ ಸಾಲಿನಲ್ಲಿ ರಾಜಸ್ಥಾನದ ಜೊತೆ ಕರ್ನಾಟಕವೂ ಇದೆ. ಹೆಚ್ಚು ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ, ಮೀನಿಗೆ ಆದ ಹಾಗೆಯೇ ರಕ್ತ ಆಮ್ಲಜನಕ ಸಾಗಿಸದಂತಾಗಬಹುದು. ನೀರು ಕಾಯಿಸಿದರೆ ನೈಟ್ರೇಟ್ ಹೋಗಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ.

ಮೀನಿನ ಕಿಟ್ ಲ್ಯಾಬ್ ವರದಿಗೆ ಸಮ ಅಲ್ಲ, ಸುಳಿವು ಅಷ್ಟೇ. ಆದರೆ ಆ ಸುಳಿವು ಸಿಕ್ಕ ಮೇಲೆ ನಮ್ಮ ಅಪಾರ್ಟ್‌ಮೆಂಟಿನವರು ನೀರನ್ನು ಲ್ಯಾಬಿಗೆ ಕಳಿಸಿದೆವು, ಮಿತಿ ಮೀರಿದ್ದು ಖಚಿತವಾಯಿತು. ಈಗ ಆ ನೀರನ್ನು ಅಡುಗೆಗೆ ಬಳಸುತ್ತಿಲ್ಲ, ಟ್ಯಾಂಕಿಗೂ ಹಾಕುತ್ತಿಲ್ಲ. ಅಲ್ಲಿಯವರೆಗೆ ನಾವೆಲ್ಲ ಅದನ್ನು ಒಳ್ಳೇ ನೀರು ಅಂತಲೇ ಅಂದುಕೊಂಡಿದ್ದೆವು. ನೋಡೋಕೆ ತಿಳಿಯಾಗಿತ್ತಲ್ಲ.