ಗೃಹಬಳಕೆಯ ಅಡುಗೆ ಅನಿಲ: ಗ್ರಾಹಕರು ಸ್ವತಃ ಮಾಡಬಹುದಾದ ಹಾಗೂ ಮಾಡಬಾರದ ಕೆಲಸಗಳು

ಅಡುಗೆ ಅನಿಲ ಸಂಪರ್ಕ ಹೊಂದಿರುವ ಹಾಗೂ ಹೊಸ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವ ಗ್ರಾಹಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಒಡೆತನ ಯಾರದು?
14.2 ಕಿ.ಗ್ರಾಂ. ಸಿಲಿಂಡರ್ ಮತ್ತು ರೆಗ್ಯುಲೇಟರ್ ತೈಲ ಕಂಪನಿಯ ಸ್ವತ್ತಾಗಿದ್ದು, ಭದ್ರತಾ ಠೇವಣಿ ಪಡೆದು ಬಳಕೆಗಾಗಿ ಮಾತ್ರ ನೀಡಲಾಗುತ್ತದೆ. ಆದುದರಿಂದ ಇವುಗಳನ್ನು ಬಿಚ್ಚುವ ಅಥವಾ ದುರಸ್ತಿ ಮಾಡುವ ಹಕ್ಕು ಗ್ರಾಹಕರಿಗೆ ಇರುವುದಿಲ್ಲ. ದೋಷ ಕಂಡುಬಂದಲ್ಲಿ ವಿತರಕರಿಗೆ ತಿಳಿಸತಕ್ಕದ್ದು. ಒಲೆ ಮತ್ತು ರಬ್ಬರ್ ಕೊಳವೆ ಗ್ರಾಹಕರದೇ ಆದರೂ, ಅವು ಐ.ಎಸ್.ಐ. ಗುರುತು ಹೊಂದಿರಬೇಕು.

ಗ್ರಾಹಕರು ಮಾಡಬಹುದಾದವು
1. ಖಾಲಿ ಸಿಲಿಂಡರ್ ಬದಲಿಸಿ ರೆಗ್ಯುಲೇಟರ್ ಜೋಡಿಸುವುದು.
2. ಜೋಡಣೆಯ ಬಳಿ ಸಾಬೂನು ನೀರು ಹಚ್ಚಿ ಸೋರಿಕೆ ಪರೀಕ್ಷಿಸುವುದು. ಬೆಂಕಿಕಡ್ಡಿ ಗೀರಿ ಪರೀಕ್ಷಿಸಲೇಬಾರದು.
3. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಎತ್ತರದ ಕಟ್ಟೆಯ ಮೇಲೆ ಇರಿಸುವುದು.

ಮಾಡಬಾರದವು
1. ಒಂದು ಸಿಲಿಂಡರಿನಿಂದ ಮತ್ತೊಂದಕ್ಕೆ ಅನಿಲ ತುಂಬಿಸುವುದು.
2. ಗೃಹಬಳಕೆಯ ಸಿಲಿಂಡರನ್ನು ಹೋಟೆಲು, ವಾಹನ ಮುಂತಾದವುಗಳಿಗೆ ಬಳಸುವುದು.
3. ವಾಲ್ವ್ ಅಥವಾ ರೆಗ್ಯುಲೇಟರನ್ನು ಸ್ವತಃ ದುರಸ್ತಿ ಮಾಡುವುದು.
4. ಕೊಳವೆಗೆ ತೇಪೆ ಹಾಕುವುದು ಅಥವಾ ಕವಲು ಜೋಡಿಸಿ ಎರಡನೆಯ ಒಲೆಗೆ ಸಂಪರ್ಕ ನೀಡುವುದು.

ಇವುಗಳಲ್ಲಿ ಮೊದಲೆರಡು, ಅಗತ್ಯ ವಸ್ತುಗಳ ಅಧಿನಿಯಮ, 1955ರ ಅಡಿಯಲ್ಲಿ ಹೊರಡಿಸಲಾದ ದ್ರವೀಕೃತ ಪೆಟ್ರೋಲಿಯಂ ಅನಿಲ (ಸರಬರಾಜು ಮತ್ತು ವಿತರಣೆ ನಿಯಂತ್ರಣ) ಆದೇಶ, 2000ರ ಉಲ್ಲಂಘನೆಯಾಗುತ್ತವೆ. ಅಧಿಕೃತ ಅಧಿಕಾರಿಗಳು ತಪಾಸಣೆ ನಡೆಸಿ ಸಿಲಿಂಡರುಗಳನ್ನು ವಶಪಡಿಸಿಕೊಳ್ಳಬಹುದು. ಅಪರಾಧ ಸಾಬೀತಾದಲ್ಲಿ ಸದರಿ ಅಧಿನಿಯಮದ 7ನೇ ಪ್ರಕರಣದನ್ವಯ ಏಳು ವರ್ಷಗಳವರೆಗೆ ಕಾರಾವಾಸ ಹಾಗೂ ದಂಡ ವಿಧಿಸಲು ಅವಕಾಶವಿದೆ.

ನಿರ್ಬಂಧದ ಕಾರಣ
ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ಮೇಲೇರದೆ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಸುಮಾರು ಶೇ. 2ರಷ್ಟಾದರೂ ಒಂದು ಕಿಡಿಯಿಂದ ಬೆಂಕಿ ಹೊತ್ತಿಕೊಳ್ಳಬಲ್ಲದು. ಸಡಿಲವಾದ ಒಂದು ಜೋಡಣೆಯಿಂದ ಮನೆಯವರೆಲ್ಲರ ಪ್ರಾಣಕ್ಕೆ ಅಪಾಯ ಒದಗಬಹುದು.

ವಾಸನೆ ಬಂದಲ್ಲಿ
ರೆಗ್ಯುಲೇಟರ್ ಮುಚ್ಚಿ, ಸಾಧ್ಯವಾದರೆ ಸಿಲಿಂಡರಿಗೆ ಸುರಕ್ಷಾ ಮುಚ್ಚಳ ಹಾಕಿ, ಬಾಗಿಲು ಕಿಟಕಿಗಳನ್ನು ತೆರೆಯತಕ್ಕದ್ದು. ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಎಲ್ಲರೂ ಹೊರಬಂದ ನಂತರ 1906 ಸಂಖ್ಯೆಗೆ ಕರೆ ಮಾಡತಕ್ಕದ್ದು. ಈ ತುರ್ತು ಸೇವೆ ದಿನದ 24 ಗಂಟೆಯೂ ಲಭ್ಯವಿರುತ್ತದೆ.

ರಬ್ಬರ್ ಕೊಳವೆಯನ್ನು ಐದು ವರ್ಷಗಳಿಗೊಮ್ಮೆ, ಬಿರುಕು ಕಂಡಲ್ಲಿ ಕೂಡಲೇ, ಬದಲಿಸತಕ್ಕದ್ದು. ತಪಾಸಣೆಗೆ ಬರುವ ಮೆಕ್ಯಾನಿಕ್‌ನ ಗುರುತಿನ ಚೀಟಿಯನ್ನು ಪರಿಶೀಲಿಸಿದ ನಂತರವೇ ಒಳಗೆ ಬಿಡುವಂತೆ ಗ್ರಾಹಕರಲ್ಲಿ ಕೋರಲಾಗಿದೆ.